ಮೊಬೈಲ್ ಬ್ರಾಡ್‌ಬ್ಯಾಂಡ್: ತಾಲ್ಲೂಕು ಪಟ್ಟಣಗಳಿಗೆ ತಡವಾದದ್ದೇಕೆ?

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಬಾಯಿಮಾತಿನ ಹರಾಜಿನ ಸ್ಥಾನಕ್ಕೆ ಇ-ಹರಾಜು ಬಂದಿದ್ದು, ರೀಲರುಗಳು ಮೊಬೈಲ್ ಫೋನಿನಿಂದಲೇ ದರ ನಮೂದಿಸುತ್ತಾರೆ. ಚಿಂತಾಮಣಿಯ ಟೊಮೆಟೊ ವರ್ತಕರು ಹೊರರಾಜ್ಯಗಳ ಪೇಟೆ ಧಾರಣೆಯನ್ನು ಫೋನಿನಲ್ಲಿಯೇ ತಿಳಿದು ಖರೀದಿಗೆ ಇಳಿಯುತ್ತಾರೆ. ಗೌರಿಬಿದನೂರಿನ ಕಾರ್ಖಾನೆಯಿಂದ ಹಿಂದೂಪುರದ ಕಡೆಗೆ ಹೊರಡುವ ತೆರಿಗೆಯುಕ್ತ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ, 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಗಿದೆ. ಚಿಕ್ಕಬಳ್ಳಾಪುರದ ಹೂವಿನ ವಹಿವಾಟಿನಲ್ಲಿಯೂ ಹಣ ಫೋನಿನಿಂದ ಫೋನಿಗೆ ಸಂದಾಯವಾಗುತ್ತಿದೆ. ಒಂದು ಕಾಲಕ್ಕೆ ಅನುಕೂಲವಷ್ಟೇ ಆಗಿದ್ದ ನಿಸ್ತಂತು ಅಂತರಜಾಲವು ಇಂದು ತಕ್ಕಡಿಯಷ್ಟೇ ಅಗತ್ಯವಾದ ಸಾಧನವಾಗಿದೆ. ಆದ್ದರಿಂದ ಈ ಜಾಲವು ಜಗತ್ತಿನಲ್ಲಿ ಹೇಗೆ ಹರಡಿತು, ಯಾವ ನಿಯಮದಡಿ ನಮ್ಮ ರಾಜ್ಯಕ್ಕೆ ಬಂದಿತು ಎಂಬುದನ್ನು ವರ್ತಕರು ತಿಳಿದಿರುವುದು ಒಳಿತು.

ವೇಗದ ಲೆಕ್ಕ

2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೊಬಿಟ್ ವೇಗವಿದ್ದರೆ ಮಾತ್ರ ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಿತ್ತು. ಆಗ ಮೊಬೈಲಿನಲ್ಲಿದ್ದ ಜಿಪಿಆರ್‌ಎಸ್ ಸೇವೆಯ ವೇಗ ಸುಮಾರು 40 ಕಿಲೊಬಿಟ್. ಒಂದು ಮೆಗಾಬೈಟ್ ಗಾತ್ರದ ಸರಕಿನ ಚಿತ್ರವೊಂದನ್ನು ಗಿರಾಕಿಗೆ ಕಳುಹಿಸಲು ಈ ವೇಗದಲ್ಲಿ ಮೂರು ನಿಮಿಷಕ್ಕೂ ಹೆಚ್ಚು ಬೇಕು. 384 ಕಿಲೊಬಿಟ್ ನೀಡುವ ಆರಂಭಿಕ ಮೂರನೇ ಪೀಳಿಗೆಯ, ಅಂದರೆ 3ಜಿ, ಜಾಲದಲ್ಲಿ ಇಪ್ಪತ್ತೊಂದು ಸೆಕೆಂಡು ಸಾಕು. ಅನಂತರ ಬಂದ 3.6 ಮೆಗಾಬಿಟ್ ವೇಗದ ಸುಧಾರಿತ 3ಜಿಯಲ್ಲಿ ಎರಡು ಸೆಕೆಂಡು ಚಿಲ್ಲರೆ. ಹರಾಜಿನ ಕಟ್ಟೆಯಲ್ಲಿ ಮೂರು ನಿಮಿಷಕ್ಕೂ ಎರಡು ಸೆಕೆಂಡಿಗೂ ಇರುವ ಅಂತರವೇನೆಂದು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಜಪಾನಿನ ಅನುಭವ

ಜಪಾನಿನ ಎನ್‌ಟಿಟಿ ಡೊಕೊಮೊ ಸಂಸ್ಥೆಯು 2001ರ ಅಕ್ಟೋಬರ್ 1ರಂದು ಟೋಕಿಯೊದಲ್ಲಿ ‘ಫೋಮಾ’ ಹೆಸರಿನ 3ಜಿ ಸೇವೆಯನ್ನು ಆರಂಭಿಸಿತು. ಜಪಾನ್ ಸರ್ಕಾರವು ಪರವಾನಗಿಗಳನ್ನು ಹರಾಜಿಲ್ಲದೆ ಹಂಚಿತ್ತು. ಆದರೂ ಸೇವೆ ಬೇಗನೆ ಜನಪ್ರಿಯವಾಗಲಿಲ್ಲ. ಮೊದಲಿಗೆ ಅದು ನಗರದ ಸುತ್ತಲ ಸೀಮಿತ ಪ್ರದೇಶದಲ್ಲಿ ಮಾತ್ರ ದೊರೆಯುತ್ತಿತ್ತು. ಆ ಗಡಿಯ ಆಚೆ ಆರಂಭಿಕ ಫೋಮಾ ಫೋನುಗಳು ಹಳೆಯ ಜಾಲವನ್ನೂ ಬಳಸಲಾರದೆ ನಿರುಪಯುಕ್ತವಾಗುತ್ತಿದ್ದವು. ಬ್ಯಾಟರಿಯೂ ಬೇಗ ಮುಗಿಯುತ್ತಿತ್ತು. 2003ರ ಮಾರ್ಚ್ ವೇಳೆಗೆ ಫೋಮಾ ಗ್ರಾಹಕರ ಸಂಖ್ಯೆ ಸುಮಾರು 3.3 ಲಕ್ಷ. 2002ರ ಏಪ್ರಿಲ್‌ನಲ್ಲಿ, ತನ್ನ ಹಳೆಯ ಜಾಲವನ್ನೇ ಮೇಲ್ದರ್ಜೆಗೇರಿಸಿ ಸೇವೆ ಆರಂಭಿಸಿದ ಪ್ರತಿಸ್ಪರ್ಧಿ ಕೆಡಿಡಿಐ ಸಂಸ್ಥೆಯು ಅಷ್ಟರೊಳಗೆ ಅದಕ್ಕಿಂತ ಬಹುಪಾಲು ಮುಂದೆ ಸಾಗಿತ್ತು. ಹೊಸ ಸಾಧನವು ಹಳೆಯ ವ್ಯವಸ್ಥೆಯೊಡನೆ ಹೊಂದಿಕೊಳ್ಳದಿದ್ದರೆ ಗಿರಾಕಿ ಕಾದು ನೋಡುತ್ತಾನೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಯೂರೋಪಿನ ಹರಾಜು

ಯೂರೋಪಿನ ಹಾದಿ ಬೇರೆ. 2000ನೇ ಇಸವಿಯ ಏಪ್ರಿಲ್‌ನಲ್ಲಿ ಬ್ರಿಟನ್ ಐದು ಪರವಾನಗಿಗಳನ್ನು ಹರಾಜು ಮಾಡಿ ಸುಮಾರು 2,250 ಕೋಟಿ ಪೌಂಡ್ ಗಳಿಸಿತು. ಅದೇ ಆಗಸ್ಟ್‌ನಲ್ಲಿ ಜರ್ಮನಿ ಆರು ಪರವಾನಗಿಗಳಿಂದ ಸುಮಾರು 5,000 ಕೋಟಿ ಯೂರೋ ಪಡೆಯಿತು. ಒಂದು ಗೋಪುರವನ್ನೂ ನಿಲ್ಲಿಸುವ ಮೊದಲೇ ಕಂಪನಿಗಳ ಮೇಲೆ ಸಾಲದ ಹೊರೆ ಬಿದ್ದಿತು. ಬ್ರಿಟನ್ನಿನಲ್ಲಿ ಮೊದಲ 3ಜಿ ಸೇವೆ ದೊರೆತದ್ದು 2003ರ ಮಾರ್ಚ್‌ನಲ್ಲಿ. ಆದರೆ ಹರಾಜಿನ ಬೆಲೆಯೊಂದನ್ನೇ ದೂಷಿಸುವುದು ನ್ಯಾಯವಲ್ಲ. 1999ರಲ್ಲಿಯೇ ಉಚಿತವಾಗಿ ಪರವಾನಗಿ ನೀಡಿದ ಫಿನ್‌ಲೆಂಡಿನಲ್ಲಿಯೂ ಸೇವೆ ತಡವಾಯಿತು. ಯೋಗ್ಯ ಫೋನುಗಳು ಆಗಿನ್ನೂ ಸಿದ್ಧವಿರಲಿಲ್ಲ.

ಕರ್ನಾಟಕಕ್ಕೆ ಬಂದ ಬಗೆ

ಭಾರತದಲ್ಲಿ ಎಂಟಿಎನ್‌ಎಲ್ 2008ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿಯೂ, ಬಿಎಸ್‌ಎನ್‌ಎಲ್ 2009ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿಯೂ 3ಜಿ ಸೇವೆಗೆ ಚಾಲನೆ ನೀಡಿದವು. ಖಾಸಗಿ ಕಂಪನಿಗಳಿಗಾಗಿ 2010ರ ಏಪ್ರಿಲ್ 9ರಂದು ಆರಂಭವಾದ ತರಂಗಾಂತರ ಹರಾಜು 34 ದಿನ, 183 ಸುತ್ತುಗಳ ಬಳಿಕ ಮೇ 19ರಂದು ಮುಗಿಯಿತು. ಕರ್ನಾಟಕ ವೃತ್ತದ ಬೆಲೆ ತಲಾ 1,579.91 ಕೋಟಿ ರೂಪಾಯಿಗೆ ನಿಂತಿತು. ಏರ್‌ಟೆಲ್, ಟಾಟಾ ಮತ್ತು ಏರ್‌ಸೆಲ್ ಅದನ್ನು ಪಡೆದವು.

ಇಷ್ಟು ಹಣ ತೆತ್ತವರು ಗಿರಾಕಿ ಹೆಚ್ಚಿರುವ ಕಡೆಯೇ ಅಂಗಡಿ ತೆರೆಯುವುದು ಸಹಜ. ಏರ್‌ಟೆಲ್ ತನ್ನ 3ಜಿ ಸೇವೆಯನ್ನು 2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಆರಂಭಿಸಿತು. ಹರಾಜಾದ 2,100 ಮೆಗಾಹರ್ಟ್ಸ್ ತರಂಗಗಳು ಹಳೆಯ 900 ಮೆಗಾಹರ್ಟ್ಸ್ ತರಂಗಗಳಷ್ಟು ದೂರ ಸಾಗುವುದಿಲ್ಲವಾದ್ದರಿಂದ ಗೋಪುರಗಳು ಹತ್ತಿರ ಹತ್ತಿರ ಬೇಕಾಗುತ್ತವೆ. ಜನಸಾಂದ್ರತೆ ಕಡಿಮೆಯಿರುವ ಕಡೆ ಆ ವೆಚ್ಚ ಹುಟ್ಟುವುದು ಕಷ್ಟ. ಪರವಾನಗಿಗೆ ರಾಜ್ಯದ ಗಡಿಯೂ ಇತ್ತು. ಟಾಟಾ ಕಂಪನಿಯು ಆಂಧ್ರಪ್ರದೇಶದ 3ಜಿ ತರಂಗಾಂತರವನ್ನು ಪಡೆದಿರಲಿಲ್ಲ. ಗೌರಿಬಿದನೂರಿನ ವರ್ತಕರಿಗೆ ನೆರೆಯ ಪೇಟೆಯಾದ ಹಿಂದೂಪುರವು ಆ ಜಾಲದ ಪಾಲಿಗೆ ಪರರಾಜ್ಯವೇ ಆಗಿತ್ತು.

ಎಣಿಕೆಯ ಘಟಕ ಯಾವುದು?

ನಮ್ಮ ಪಟ್ಟಣಗಳ ದೃಷ್ಟಿಯಿಂದ ಅತಿ ಮುಖ್ಯವಾದ ಸಂಗತಿ ಹರಾಜಿನ ಷರತ್ತುಗಳಲ್ಲಿದೆ. ಕರ್ನಾಟಕದಂಥ ವೃತ್ತಗಳಲ್ಲಿ 3ಜಿ ಪರವಾನಗಿದಾರರು ಐದು ವರ್ಷಗಳೊಳಗೆ ಜಿಲ್ಲಾ ಕೇಂದ್ರಗಳ ಪೈಕಿ ಕನಿಷ್ಠ ಶೇಕಡಾ 50ರಷ್ಟನ್ನು ತಲುಪಿದರೆ ಸಾಕಿತ್ತು. ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಗಿದ್ದರಿಂದ ಆ ಪಟ್ಟಿಗೆ ಸೇರಿತು. ಆದರೆ ಪಟ್ಟಿಯ ಅರ್ಧ ಭಾಗವನ್ನು ಮುಟ್ಟಿದರೆ ಸಾಕೆಂದ ಮೇಲೆ ಅದಕ್ಕೂ ಖಾತರಿಯಿರಲಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳನ್ನು ತಲುಪಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. 

ಅದೇ ವರ್ಷ ಜೂನ್‌ನಲ್ಲಿ ಮುಗಿದ ಬ್ರಾಡ್‌ಬ್ಯಾಂಡ್ ತರಂಗಾಂತರದ ಇನ್ನೊಂದು ಹರಾಜಿನಲ್ಲಿ ಎಣಿಕೆಯ ಘಟಕ ಬೇರೆಯಿತ್ತು. ಅಲ್ಲಿ ಗ್ರಾಮೀಣ ಕಿರು ಅಂತರದ ದರ ವಲಯಗಳ ಶೇಕಡಾ 50ರಷ್ಟನ್ನು ಐದು ವರ್ಷಗಳೊಳಗೆ ತಲುಪಬೇಕಿತ್ತು. ಈ ವಲಯವೆಂದರೆ ಸರಳವಾಗಿ ಒಂದು ಎಸ್‌ಟಿಡಿ ಸಂಕೇತದ ವ್ಯಾಪ್ತಿ. ಚಿಂತಾಮಣಿ 08154, ಗೌರಿಬಿದನೂರು 08155, ಚಿಕ್ಕಬಳ್ಳಾಪುರ 08156, ಶಿಡ್ಲಘಟ್ಟ 08158: ಹೀಗೆ ನಾಲ್ಕಕ್ಕೂ ಪ್ರತ್ಯೇಕ ಲೆಕ್ಕ. ಎಣಿಕೆ ನಮಗೆ ಅನುಕೂಲವಾಗಿತ್ತು, ಕಾಲ ಅನುಕೂಲವಾಗಲಿಲ್ಲ. ದೇಶದ 22 ವೃತ್ತಗಳಲ್ಲಿಯೂ ಈ ತರಂಗಾಂತರ ಗೆದ್ದ ಇನ್ಫೋಟೆಲ್ ಸಂಸ್ಥೆಯು ರಿಲಯನ್ಸ್ ತೆಕ್ಕೆಗೆ ಸೇರಿ, ಜಿಯೊ ಹೆಸರಿನಲ್ಲಿ ವಾಣಿಜ್ಯ ಸೇವೆ ಆರಂಭಿಸಿದ್ದು 2016ರ ಸೆಪ್ಟೆಂಬರ್ 5ರಂದು. ಕರ್ನಾಟಕದಲ್ಲಿ ಇದೇ ತರಂಗಾಂತರ ಪಡೆದ ಏರ್‌ಟೆಲ್ 2012ರ ಮೇನಲ್ಲಿ 4ಜಿ ಸೇವೆ ಆರಂಭಿಸಿತಾದರೂ ಆಗಲೂ ಮೊದಲ ಸರದಿ ಬೆಂಗಳೂರಿನದೇ.

ವರ್ತಕರು ಗಮನಿಸಬೇಕಾದುದು

ಕರ್ನಾಟಕದ ಮೂವರು 3ಜಿ ವಿಜೇತರಲ್ಲಿ ಏರ್‌ಸೆಲ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಟಾಟಾ ಸಂಸ್ಥೆಯ ಮೊಬೈಲ್ ಗ್ರಾಹಕ ವ್ಯವಹಾರವು 2019ರಲ್ಲಿ ಏರ್‌ಟೆಲ್‌ನಲ್ಲಿ ವಿಲೀನವಾಯಿತು. ಆದ್ದರಿಂದ ಮಳಿಗೆ ಅಥವಾ ಕಾರ್ಖಾನೆಯ ವ್ಯವಹಾರವನ್ನು ಒಂದೇ ಕಂಪನಿಯ ಜಾಲಕ್ಕೆ ಕಟ್ಟಿಹಾಕದೆ, ಎರಡು ಕಂಪನಿಗಳ ಸಂಪರ್ಕ ಇಟ್ಟುಕೊಳ್ಳುವುದು ವಿವೇಕ. ಹೊಸ ಉಪಕರಣ ಕೊಳ್ಳುವಾಗ ಅದು ಹಳೆಯ ಜಾಲದಲ್ಲಿಯೂ ಕೆಲಸ ಮಾಡುವುದೇ ಎಂದು ವಿಚಾರಿಸಬೇಕು.

ಎರಡನೆಯದು ಸಂಘಟಿತ ಪ್ರಯತ್ನ. 5ಜಿ ಸೇವೆಗೆ ದೇಶದಲ್ಲಿ ಚಾಲನೆ ದೊರೆತದ್ದು 2022ರ ಅಕ್ಟೋಬರ್ 1ರಂದು. ಮುಂದೆಯೂ ಪೀಳಿಗೆಗಳು ಬರಲಿವೆ. ಪ್ರತಿ ಹರಾಜಿಗೆ ಮುನ್ನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸಮಾಲೋಚನಾ ಪತ್ರ ಪ್ರಕಟಿಸಿ ಅಭಿಪ್ರಾಯಗಳನ್ನು ಆಹ್ವಾನಿಸುತ್ತದೆ. ಕಂಪನಿಗಳು ತಪ್ಪದೆ ಉತ್ತರಿಸುತ್ತವೆ. ಗೂಡಿನ ರೀಲರುಗಳ, ಮಂಡಿ ವರ್ತಕರ, ಸಣ್ಣ ಕೈಗಾರಿಕೆಗಳ ಸಂಘಗಳೂ ಉತ್ತರಿಸಬೇಕು. ಟ್ರಾಯ್ 2016ರಲ್ಲಿ ಹೊರತಂದ ಮೈಸ್ಪೀಡ್ ಆ್ಯಪ್ ಬಳಸಿ ಮಾರುಕಟ್ಟೆ ಪ್ರಾಂಗಣದಲ್ಲಿ ಹರಾಜಿನ ವೇಳೆಯಲ್ಲಿಯೇ ವೇಗ ಅಳೆದು, ದಿನಾಂಕ ಸಹಿತ ದಾಖಲೆಯಿಟ್ಟರೆ ಆ ಮನವಿಗೆ ತೂಕ ಬರುತ್ತದೆ. ಕೇಳಬೇಕಾದದ್ದು ಒಂದೇ: ವ್ಯಾಪ್ತಿಯ ಷರತ್ತನ್ನು ಜಿಲ್ಲಾ ಕೇಂದ್ರದ ಲೆಕ್ಕದಲ್ಲಿ ಬರೆಯದೆ ತಾಲ್ಲೂಕು ಮತ್ತು ನಿಯಂತ್ರಿತ ಮಾರುಕಟ್ಟೆಗಳ ಲೆಕ್ಕದಲ್ಲಿ, ಗಡುವು ಸಹಿತ ಬರೆಯಬೇಕು. ಇ-ಹರಾಜನ್ನೂ ಇ-ವೇ ಬಿಲ್ಲನ್ನೂ ಕಡ್ಡಾಯಗೊಳಿಸಿದ ಮೇಲೆ, ಅವನ್ನು ಪಾಲಿಸಲು ಬೇಕಾದ ಜಾಲವೂ ಕಡ್ಡಾಯವಾಗಿ ದೊರೆಯಬೇಕೆಂದು ಕೇಳುವ ಹಕ್ಕು ನಮ್ಮ ವರ್ತಕ ಸಮುದಾಯಕ್ಕಿದೆ.