ತಾನೇ ಬರೆದುಕೊಟ್ಟ ಪ್ರಶ್ನೆಪತ್ರಿಕೆ

ಮಡಿಕೇರಿಯ ಮನೆಗಳಲ್ಲಿ ಎಸ್‌ಎಸ್‌ಬಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಸೇನಾಧಿಕಾರಿಗಳ ಆಯ್ಕೆಗೆಂದು ಐದು ದಿನ ನಡೆಯುವ ಆ ಪರೀಕ್ಷೆಯಲ್ಲಿ ಮೊದಲ ದಿನ ಏನಾಗುತ್ತದೆ, ಕೊನೆಯ ದಿನ ಎದುರಿಗೆ ಯಾರು ಕೂತಿರುತ್ತಾರೆ ಎಂದು ಹೇಳಿಕೊಡಲು ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬ ನಿವೃತ್ತ ಮೇಜರ್ ಸಿಕ್ಕೇ ಸಿಗುತ್ತಾರೆ. ಅದೇ ಮನೆಯ ಹುಡುಗಿ ಬೆಂಗಳೂರಿನ ಕಂಪನಿಯೊಂದರ ಟೆಕ್ನಿಕಲ್ ರೌಂಡಿಗೆ ಹೊರಟಳೆನ್ನಿ, ಹೇಳಿಕೊಡುವವರಿಲ್ಲ. ‘ಹೆದರಬೇಡ, ಧೈರ್ಯವಾಗಿ ಮಾತಾಡು’ ಎನ್ನುವಲ್ಲಿಗೆ ಮನೆಯವರ ಸಲಹೆ ಮುಗಿಯುತ್ತದೆ.

ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಮಡಿಕೇರಿಯಲ್ಲಿ 1949ರಿಂದ ನಡೆದುಬಂದಿರುವ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು: ಕೊಡಗಿನ ಹುಡುಗ ಹುಡುಗಿಯರು ಇಂಥ ಕಡೆಗಳಿಂದ ಪ್ರತಿವರ್ಷ ಪದವಿ, ಡಿಪ್ಲೊಮಾ ಹಿಡಿದು ಹೊರಬರುತ್ತಾರೆ. ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿ ಓದಿದವರಿಗೂ ಇವರಿಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ, ಸಿಲೆಬಸ್ಸೂ ಬಹುಪಾಲು ಒಂದೇ. ಆದರೆ ಅಲ್ಲಿಯ ಹಾಸ್ಟೆಲುಗಳಲ್ಲಿ ಯಾವ ಕಂಪನಿ ಏನು ಕೇಳುತ್ತದೆ, ಯಾರನ್ನು ಎಲ್ಲಿ ಸಿಕ್ಕಿಸುತ್ತದೆ ಎಂಬುದು ರಾತ್ರಿ ಊಟದ ಹೊತ್ತಿನ ಮಾತು. ಇಲ್ಲಿಯವರಿಗೆ ತಪ್ಪಿಹೋಗುವುದು ಆ ಮಾತು.

ಎಸ್‌ಎಸ್‌ಬಿಗೆ ಹೋಗಿಬಂದವರಿಗೆ ಗೊತ್ತಿರುವ ಒಂದು ಗುಟ್ಟು ಇಲ್ಲೂ ನಡೆಯುತ್ತದೆ. ಅಲ್ಲಿ ಪಿಐಕ್ಯೂ ಎಂಬ ಫಾರಂ ತುಂಬಿಸಿಕೊಳ್ಳುತ್ತಾರೆ. ಮನೆ, ಓದು, ಆಟ, ಹವ್ಯಾಸ ಎಲ್ಲ ಅದರಲ್ಲಿರುತ್ತದೆ. ಸಂದರ್ಶನ ಮಾಡುವ ಅಧಿಕಾರಿ ಅದನ್ನು ಎದುರಿಗಿಟ್ಟುಕೊಂಡೇ ಮಾತಿಗೆ ಕೂರುತ್ತಾರೆ. ‘ಆಟ: ಹಾಕಿ’ ಎಂದು ಬರೆದವನು ಮೈದಾನದ ಉದ್ದ 91.4 ಮೀಟರ್, ಅಗಲ 55 ಮೀಟರ್ ಎಂದು ಹೇಳಲಾರದೆ ತಡವರಿಸಿದರೆ ಅಲ್ಲಿಗೇ ಸಂಶಯ ಶುರು. ಹೊಸಬರ ರೆಸ್ಯೂಮೆಯ ಕಥೆಯೂ ಇಷ್ಟೇ. ಅನುಭವದ ಕಾಲಂ ಖಾಲಿ ಇರುವುದರಿಂದ ಕೇಳುವವರಿಗೆ ಹಿಡಿದುಕೊಳ್ಳಲು ಉಳಿಯುವುದು ಒಂದೆರಡು ಪ್ರಾಜೆಕ್ಟು, ನಾಲ್ಕು ವಿಷಯ, ‘ಸ್ಕಿಲ್ಸ್’ ಎಂಬ ತಲೆಬರಹದ ಕೆಳಗಿನ ಪಟ್ಟಿ. ಪ್ರಶ್ನೆಗಳು ಬರುವುದು ಅಲ್ಲಿಂದಲೇ. ಜಾವಾ, ಪೈಥಾನ್, ಸಿ ಪ್ಲಸ್ ಪ್ಲಸ್, ಡಾಕರ್, ಮೆಷಿನ್ ಲರ್ನಿಂಗ್ ಎಂದು ಸಾಲಾಗಿ ಬರೆದವರು ಐದು ದಿಕ್ಕಿನಿಂದ ಪ್ರಶ್ನೆಗಳನ್ನು ತಾವೇ ಕರೆದುಕೊಂಡಂತೆ. ಪೈಥಾನ್ ಒಂದೇ ಬರೆದು ಅದರಲ್ಲಿ ಲಿಸ್ಟಿಗೂ ಡಿಕ್ಷನರಿಗೂ ಏನು ವ್ಯತ್ಯಾಸ, ಯಾವುದನ್ನು ಯಾವಾಗ ಬಳಸಬೇಕು ಎಂದು ಉದಾಹರಣೆ ಸಮೇತ ಹೇಳಬಲ್ಲವರ ಕೈ ಮೇಲಾಗುತ್ತದೆ.

ಪ್ರಾಜೆಕ್ಟಿನ ವಿಷಯದಲ್ಲಂತೂ ನಮ್ಮ ಕಾಲೇಜುಗಳ ಸ್ಥಿತಿ ಎಲ್ಲರಿಗೂ ಗೊತ್ತು. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಂ. ಕೋಡು ಇಂಟರ್ನೆಟ್ಟಿನದು, ರಿಪೋರ್ಟಿನ ಬೈಂಡಿಂಗ್ ಮಾತ್ರ ಸ್ವಂತದ್ದು. ಕೇಳುವವರೂ ಇದನ್ನು ನೂರು ಸಲ ನೋಡಿರುತ್ತಾರೆ. ‘ಈ ಟೇಬಲ್ಲಿನ ಪ್ರೈಮರಿ ಕೀ ಯಾವುದು? ಅದನ್ನೇ ಯಾಕೆ ಆರಿಸಿಕೊಂಡಿರಿ?’ ಎಂಬ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಕೊಡಗಿನವರಿಗೆ ಇದಕ್ಕಿಂತ ಒಳ್ಳೆಯ ಸರಕು ಮನೆಯಲ್ಲೇ ಇದೆ. ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವ ಪದ್ಧತಿ ಹಳೆಯದು. ಬೆಳಿಗ್ಗೆ ರೈನ್ ಗೇಜ್ ನೋಡುವುದು, ಇಷ್ಟು ಇಂಚು, ಇಷ್ಟು ಸೆಂಟ್ ಎಂದು ಪುಸ್ತಕದಲ್ಲಿ ಬರೆಯುವುದು. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಬೇಸಿಗೆಯ ಹೂಮಳೆ ಯಾವ ದಿನ ಬಂತು, ಕಾಯಿ ಕಟ್ಟಲು ಬೇಕಾದ ಅದರ ನಂತರದ ಮಳೆ ಎಷ್ಟು ದಿನ ಬಿಟ್ಟು ಬಂತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಹಾಗಾಗಿ ಆ ಪುಸ್ತಕಗಳನ್ನು ಜತನ ಮಾಡಿರುತ್ತಾರೆ. ಅಜ್ಜನ ಹತ್ತು ವರ್ಷದ ಪುಸ್ತಕವನ್ನು ಒಬ್ಬಳು ವಿದ್ಯಾರ್ಥಿನಿ ಡೇಟಾಬೇಸಿಗೆ ಹಾಕಿ, ಹೂಮಳೆಯ ತಾರೀಕು ವರ್ಷದಿಂದ ವರ್ಷಕ್ಕೆ ಹೇಗೆ ಸರಿದಿದೆ ಎಂದು ತೋರಿಸುವ ಸಣ್ಣ ಪ್ರೋಗ್ರಾಂ ಬರೆದಳು ಎಂದಿಟ್ಟುಕೊಳ್ಳೋಣ. ಇಂಟರ್ವ್ಯೂನಲ್ಲಿ ಪ್ರಶ್ನೆ ಬರುತ್ತದೆ: ‘ಪುಸ್ತಕದಲ್ಲಿ ಕೆಲವು ದಿನ ಏನೂ ಬರೆದಿಲ್ಲವಲ್ಲ, ಅಲ್ಲಿ ಏನು ತುಂಬಿದಿರಿ?’

ಸೊನ್ನೆ ತುಂಬಿದೆ ಎಂದರೆ ಸಿಕ್ಕಿಬಿದ್ದಂತೆ. ಮಳೆ ಬಾರದ ದಿನವೂ ಅಜ್ಜ ಮದುವೆಗೆ ಹೋಗಿದ್ದ ದಿನವೂ ಒಂದೇ ಆಗಿಬಿಡುತ್ತವೆ, ಸರಾಸರಿ ಕೆಡುತ್ತದೆ. ‘ಖಾಲಿ ಬಿಟ್ಟೆ ಸರ್, ಡೇಟಾಬೇಸಿನಲ್ಲಿ ನಲ್ ಎಂದೇ ಇಟ್ಟೆ, ಲೆಕ್ಕ ಹಾಕುವಾಗ ಆ ದಿನಗಳನ್ನು ಬೇರೆ ಮಾಡಿದೆ’ ಎಂದಳೋ, ಮುಂದಿನ ಹತ್ತು ನಿಮಿಷ ಅವಳದೇ. ನಲ್‌ಗೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ಗೈಡಿನಲ್ಲಿ ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ. ಕೆಲಸ ಮಾಡುತ್ತ ಅದಕ್ಕೆ ಎಡವಿದವರು ಕಡಿಮೆ. ಕಂಪನಿ ಹುಡುಕುವುದು ಹಾಗೆ ಎಡವಿ ಎದ್ದವರನ್ನು.

ಇನ್ನು ಕೋಡಿಂಗ್. ಅಮೆರಿಕದ ಕಂಪನಿಗಳಿಂದ ಹಿಡಿದು ಬೆಂಗಳೂರಿನ ಸ್ಟಾರ್ಟಪ್‌ಗಳವರೆಗೆ ಸುತ್ತಿಬಂದ ಒಂದು ಸರಳ ಪ್ರಶ್ನೆಗೆ ‘ಫಿಜ್‌ಬಜ್’ ಎಂದು ಹೆಸರು. ಮಕ್ಕಳ ಎಣಿಕೆಯ ಆಟವೊಂದನ್ನು ಪ್ರೋಗ್ರಾಮರುಗಳ ಪರೀಕ್ಷೆಗೆ ಬಳಸುವ ಉಪಾಯವನ್ನು 2007ರಲ್ಲಿ ಇಮ್ರಾನ್ ಘೋರಿ ಎಂಬವರು ಬರೆದರು. 1ರಿಂದ 100ರವರೆಗೆ ಸಂಖ್ಯೆ ಅಚ್ಚಾಗಬೇಕು, 3ರಿಂದ ಭಾಗವಾಗುವ ಕಡೆ ‘ಫಿಜ್’, 5ರಿಂದ ಭಾಗವಾಗುವ ಕಡೆ ‘ಬಜ್’, ಎರಡರಿಂದಲೂ ಆದರೆ ‘ಫಿಜ್‌ಬಜ್’ ಎಂದು ಬರಬೇಕು. ಇಷ್ಟೇ. ಅವಸರದವರು ಮೊದಲು 3ನ್ನು, ಆಮೇಲೆ 5ನ್ನು, ಕೊನೆಗೆ 15ನ್ನು ಪರೀಕ್ಷಿಸುವಂತೆ ‘ಇಫ್, ಎಲ್ಸ್ ಇಫ್’ ಬರೆಯುತ್ತಾರೆ. 15 ಬಂದಾಗ ಮೊದಲ ಸಾಲೇ ಅದನ್ನು ಹಿಡಿದು ‘ಫಿಜ್’ ಎಂದುಬಿಡುತ್ತದೆ, ಕೊನೆಯ ಸಾಲಿಗೆ ಕೆಲಸವೇ ಇಲ್ಲ. ಬರೆದ ಕೋಡನ್ನು 3, 5, 15 ಇಟ್ಟು ಒಮ್ಮೆ ಕೈಯಲ್ಲಿ ಓಡಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ತಪ್ಪು ಸಿಗುತ್ತದೆ. ಹಾಗೆ ನೋಡುತ್ತಾರೋ ಇಲ್ಲವೋ ಎಂಬುದೇ ಪರೀಕ್ಷೆ. ಆಮೇಲೆ ‘7ಕ್ಕೂ ಒಂದು ಪದ ಸೇರಿಸಬೇಕಾದರೆ?’ ಎನ್ನುತ್ತಾರೆ. ಹಳೆಯ ದಾರಿಯಲ್ಲೇ ಹೋದರೆ 3, 5, 7, 15, 21, 35, 105 ಎಂದು ಏಳು ಷರತ್ತು ಬೇಕು. ಪ್ರತಿ ಸಂಖ್ಯೆಗೂ ಖಾಲಿ ಪದವೊಂದನ್ನು ಇಟ್ಟುಕೊಂಡು ಅದಕ್ಕೆ ಜೋಡಿಸುತ್ತ ಹೋದರೆ ಭಾಗಾಕಾರದ ಷರತ್ತು ಮೂರೇ ಸಾಕು. ಈ ಎರಡನೆಯ ದಾರಿ ಕೂಡಲೇ ಹೊಳೆಯದಿದ್ದರೂ ನಷ್ಟವಿಲ್ಲ. ಏನು ಯೋಚಿಸುತ್ತಿದ್ದೇನೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತ ಹೋದವರಿಗೆ ಎದುರಿಗಿದ್ದವರೇ ಒಂದು ಸುಳಿವು ಕೊಡುವುದುಂಟು. ಮೌನವಾಗಿ ಕೂತವರಿಗೆ ಏನು ಸುಳಿವು ಕೊಡುವುದು?

ಸಾಫ್ಟ್‌ವೇರ್ ಬಿಟ್ಟು ಬೇರೆ ಶಾಖೆಯವರಿಗೂ ಪ್ರಶ್ನೆಯ ಜಾಡು ಇದೇ. ಸಿವಿಲ್ ಓದಿದವರನ್ನು ‘ಎಂ20 ಕಾಂಕ್ರೀಟಿನಲ್ಲಿ 20 ಎಂದರೇನು’ ಎಂದು ಕೇಳುತ್ತಾರೆ. 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ಬಲ. ಎಲೆಕ್ಟ್ರಿಕಲ್‌ನವರನ್ನು ಟ್ರಾನ್ಸ್‌ಫಾರ್ಮರಿನ ಮೇಲೆ ಕಿಲೋವ್ಯಾಟ್ ಬರೆಯದೆ ಕೆವಿಎ ಯಾಕೆ ಬರೆಯುತ್ತಾರೆ ಎನ್ನುತ್ತಾರೆ. ಅದರ ನಷ್ಟ ವೋಲ್ಟೇಜ್ ಮತ್ತು ಕರೆಂಟಿನ ಮೇಲೆ ನಿಂತಿದೆ, ಲೋಡಿನ ಪವರ್ ಫ್ಯಾಕ್ಟರ್ ಮೇಲಲ್ಲ ಎನ್ನಲು ಎರಡನೇ ವರ್ಷದ ಪುಸ್ತಕ ಸಾಕು.

ಕನ್ನಡಿಗರಿಗೆ ಚಿರಪರಿಚಿತವಾದ ಮೊದಲ ಇಂಟರ್ವ್ಯೂ ಎಂದರೆ ಸುಧಾ ಮೂರ್ತಿಯವರದು. 1974ರಲ್ಲಿ ಅವರಿನ್ನೂ ಸುಧಾ ಕುಲಕರ್ಣಿ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದರು. ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂದಿದ್ದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದರು, ಪುಣೆಗೆ ಕರೆ ಬಂತು, ಕೆಲಸವೂ ಸಿಕ್ಕಿತು. ಕಥೆ ಹೇಳುವವರೆಲ್ಲ ಕಾರ್ಡಿನ ಭಾಗವನ್ನೇ ಹೇಳುತ್ತಾರೆ. ಕಾರ್ಡು ಕೊಟ್ಟಿದ್ದು ಕೂರಲು ಒಂದು ಕುರ್ಚಿಯನ್ನು ಮಾತ್ರ. ಆ ಕುರ್ಚಿಯಲ್ಲಿ ಕೂತ ಮೇಲೆ ಬಂದದ್ದು ಸರಣಿ ತಾಂತ್ರಿಕ ಪ್ರಶ್ನೆಗಳು, ಅವಕ್ಕೆಲ್ಲ ಅವರಲ್ಲಿ ಉತ್ತರವಿತ್ತು. ಕೈಯಲ್ಲಿ ಅನುಭವದ ಪತ್ರವಿರಲಿಲ್ಲ.

ಹಾಗೆಂದು ಇಂಟರ್ವ್ಯೂ ತಪ್ಪೇ ಮಾಡದ ತಕ್ಕಡಿಯೇನಲ್ಲ. ಮ್ಯಾಕ್ ಕಂಪ್ಯೂಟರಿನ ಪ್ರೋಗ್ರಾಮರುಗಳು ದಿನಾ ಬಳಸುವ ‘ಹೋಮ್‌ಬ್ರೂ’ ತಂತ್ರಾಂಶವನ್ನು ಕಟ್ಟಿದ ಮ್ಯಾಕ್ಸ್ ಹೋವೆಲ್ ಗೂಗಲ್‌ನಲ್ಲಿ ಆಯ್ಕೆಯಾಗಲಿಲ್ಲ. ಬೋರ್ಡಿನ ಮೇಲೆ ಬೈನರಿ ಟ್ರೀ ತಿರುವಲು ಬಾರದ್ದಕ್ಕೆ ತನ್ನನ್ನು ಬಿಟ್ಟರು ಎಂದು 2015ರಲ್ಲಿ ಅವರೇ ಹೇಳಿಕೊಂಡರು. ಅದಕ್ಕೂ ಮೊದಲು, 2013ರಲ್ಲಿ, ತಲೆ ತಿನ್ನುವ ಒಗಟುಗಳಿಂದ ಅಭ್ಯರ್ಥಿಯ ಬಗ್ಗೆ ಏನೂ ತಿಳಿಯುವುದಿಲ್ಲ ಎಂದು ಗೂಗಲ್‌ನ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೊ ಬಾಕ್ ಒಪ್ಪಿಕೊಂಡಿದ್ದರು. ಮೊದಲ ‘ಸಾರಿ’ ಕೇಳಿ ಊರಿಗೆ ಬಸ್ಸು ಹತ್ತಿದ ಹುಡುಗರಿಗೆ ಈ ಎರಡು ಸಂಗತಿ ಗೊತ್ತಿದ್ದರೆ ಒಳ್ಳೆಯದು.

ಬಸ್ಸಿನ ಮಾತು ಸಣ್ಣದಲ್ಲ. ಕೊಡಗಿಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬೆಂಗಳೂರಿಗೆ ಅದರ ಎರಡು ಪಟ್ಟಿಗೂ ಮಿಕ್ಕಿ. ಬೆಳಿಗ್ಗೆ ಒಂಬತ್ತಕ್ಕೆ ಬರಹೇಳಿದರೆ ರಾತ್ರಿ ಬಸ್ಸಿನಲ್ಲಿ ಕೂತು, ಇಳಿದಲ್ಲಿಂದ ನೇರ ಹೋಗುವುದು ವಾಡಿಕೆ. ಒಂದು ದಿನ ಮುಂಚೆ ಹೋಗಿ ನೆಂಟರ ಮನೆಯಲ್ಲಿ ನಿದ್ದೆ ಮಾಡುವುದು ಗೈಡಿನ ಕೊನೆಯ ಅಧ್ಯಾಯ ಓದುವುದಕ್ಕಿಂತ ಮೇಲು. ಈಗ ಮೊದಲ ಸುತ್ತು ಹೆಚ್ಚಾಗಿ ವಿಡಿಯೊದಲ್ಲೇ ನಡೆಯುತ್ತದೆ, ಅದಕ್ಕೆ ಬೇರೆ ತಾಪತ್ರಯ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ, ನೆಟ್‌ವರ್ಕ್ ಯಾವ ಗುಡ್ಡದ ಮೇಲೆ ಸಿಗುತ್ತದೋ. ಶನಿವಾರಸಂತೆ ಬಳಿಯ ಮುಳ್ಳೂರಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು 2020ರ ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡಿದ್ದರು. ಇಂಟರ್ವ್ಯೂಗೆ ಮರ ಹತ್ತಬೇಕಿಲ್ಲ. ಕಾಲೇಜಿನ ಲ್ಯಾಬನ್ನೋ ಪೇಟೆಯಲ್ಲಿರುವ ಪರಿಚಿತರ ಮನೆಯನ್ನೋ ಮೊದಲೇ ಗೊತ್ತುಮಾಡಿಕೊಂಡು, ‘ಲೈನ್ ಕಡಿದರೆ ಈ ನಂಬರಿಗೆ ಕರೆ ಮಾಡಿ’ ಎಂದು ಕಂಪನಿಗೆ ಹಿಂದಿನ ದಿನವೇ ಮೇಲ್ ಹಾಕಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ.

ಇಂಟರ್ವ್ಯೂ ಕೈಗೂಡದೆ ತಿಂಗಳುಗಳು ಉರುಳಿದರೆ ಸುಮ್ಮನೆ ಕೂರುವ ಬದಲು ಹಿಡಿಯಬಹುದಾದ ಇನ್ನೊಂದು ದಾರಿ ಅಪ್ರೆಂಟಿಸ್‌ಷಿಪ್. 1961ರ ಕಾಯ್ದೆಯ ಅಡಿ ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಯೋಜನೆಯಲ್ಲಿ ಪದವೀಧರರಿಗೂ ಡಿಪ್ಲೊಮಾ ಮುಗಿಸಿದವರಿಗೂ ಸ್ಟೈಪೆಂಡ್ ಸಹಿತ ತರಬೇತಿ ಸಿಗುತ್ತದೆ, ಕೊನೆಗೆ ಪ್ರಮಾಣಪತ್ರವೂ ಇದೆ. ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ. ಕೆಲಸ ಕೊಡಿಸುತ್ತೇವೆ, ಡಿಪಾಸಿಟ್ ಕಟ್ಟಿ ಎಂದು ಫೋನ್ ಮಾಡುವವರನ್ನು ಮಾತ್ರ ಅಲ್ಲಿಗೇ ಬಿಡಬೇಕು. ನಿಜವಾದ ಕಂಪನಿಗಳು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ.

ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂಬ ಪ್ರಶ್ನೆ ಬಂದಾಗ ‘ನೋ ಸರ್’ ಎಂದು ಎದ್ದುಬರುವವರೇ ಜಾಸ್ತಿ. ಕೇಳಲು ಬೇಕಾದಷ್ಟಿದೆ. 2025ರ ಫೆಬ್ರುವರಿಯಲ್ಲಿ ಇನ್ಫೊಸಿಸ್‌ನ ಮೈಸೂರು ಕ್ಯಾಂಪಸ್ಸಿನಿಂದ ಮುನ್ನೂರಕ್ಕೂ ಹೆಚ್ಚು ಟ್ರೇನಿಗಳನ್ನು ಹೊರಗೆ ಕಳಿಸಲಾಯಿತು. ಮೂರು ಅವಕಾಶ ಕೊಟ್ಟರೂ ಒಳಗಿನ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಅವರಲ್ಲಿ ಹಲವರು ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದವರು. ಹಾಗಾಗಿ ಸೇರುವ ತಾರೀಕು ಯಾವಾಗ, ತರಬೇತಿ ಎಷ್ಟು ತಿಂಗಳು, ಅದರಲ್ಲಿ ಪರೀಕ್ಷೆ ಎಷ್ಟು, ಬಾಂಡ್ ಬರೆಸಿಕೊಳ್ಳುತ್ತಾರೆಯೇ, ನಡುವೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು ಎಂದು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ. ಉತ್ತರವನ್ನು ಮೇಲ್‌ನಲ್ಲಿ ಕೊಡಿ ಎಂದೂ ಕೇಳಬಹುದು.