ಮಂಗನ ಕಾಯಿಲೆಗೂ ಪುಣೆಗೂ ಏನು ನಂಟು?

ಕೇಳುಗ ಮಿತ್ರರೇ, ನಂಟು ಹಳೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಎರಡೂ ಸುದ್ದಿಯನ್ನು ಒಟ್ಟಿಗಿಟ್ಟು ನೋಡಿ ವೈರಸ್ ಪತ್ತೆ ಹಚ್ಚಿದ್ದು ನಮ್ಮ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಈಗಿನ ಎನ್‌ಐವಿ.

ಕಾಯಿಲೆ ಹರಡುವುದು ಕಾಡಿನ ಉಣುಗು. ಅದಕ್ಕೆಲ್ಲಿ ರಾಜ್ಯದ ಗಡಿ? 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಜನ ಹಾಸಿಗೆ ಹಿಡಿದರು. ಹಾಗಾಗಿ ಒಂದೂರಲ್ಲಿ ಮಂಗ ಸತ್ತ ಮಾಹಿತಿ ಪಕ್ಕದ ರಾಜ್ಯಕ್ಕೂ ಬೇಗ ತಲುಪಬೇಕು. ತಲುಪಿದರೆ ತಾನೇ ಅಲ್ಲಿನವರು ಎಚ್ಚರವಾಗುವುದು!

ಬೇಸಿಗೆ ರಜೆಗೆ ಊರಿಗೆ ಹೋದಾಗ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಪುಣೆಗೆ ಮರಳಿದ ಮೇಲೆ ಜ್ವರ ಬಂದರೆ ‘ಮಲೆನಾಡಿಗೆ ಹೋಗಿದ್ದೆ’ ಎಂದು ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ.