ಬಟಾಣಿಗೆ ಚಳಿಗಾಲವೇ ಮೊದಲ ಗೊಬ್ಬರ

ಕೈತೋಟದ ಬಟಾಣಿ ಬಳ್ಳಿ ಹಸಿರಾಗಿ ಹಬ್ಬಿಯೂ ಕಾಯಿ ಕಟ್ಟದಿದ್ದರೆ ಮೊದಲು ಕೈ ಹೋಗುವುದು ಗೊಬ್ಬರದ ಚೀಲಕ್ಕೆ. ಅದಕ್ಕಿಂತ ಮೊದಲು ಬಿತ್ತಿದ ತಿಂಗಳನ್ನು ನೆನಪಿಸಿಕೊಳ್ಳಬೇಕು. ಪಶ್ಚಿಮ ಏಷ್ಯಾದಲ್ಲಿ, ಚಳಿಗಾಲದಲ್ಲೇ ಮಳೆ ಸುರಿಯುವ ಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆ ಕೃಷಿಗೆ ಒಗ್ಗಿದ ಬೆಳೆ ಇದು. ಸುಮಾರು 13ರಿಂದ 18 ಡಿಗ್ರಿ ಸೆಲ್ಸಿಯಸ್ ಸರಾಸರಿ ಉಷ್ಣಾಂಶ ಇದಕ್ಕೆ ಹಿತ. ಹೂವಿನ ಹೊತ್ತಿನಲ್ಲಿ ಬಿಸಿಲು 30 ಡಿಗ್ರಿ ದಾಟುತ್ತಿದ್ದರೆ ಹೂ ಉದುರುತ್ತದೆ, ಉಳಿದ ಕಾಯಿಗಳಲ್ಲೂ ಕಾಳು ತುಂಬುವುದಿಲ್ಲ. ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನೊಳಗೆ ಬಿತ್ತಿದರೆ ಹೂವಿಗೆ ಡಿಸೆಂಬರಿನ ಚಳಿ ಸಿಗುತ್ತದೆ. ವರ್ಷವಿಡೀ ಬಟಾಣಿ ಮಾರುತ್ತಾರಲ್ಲ ಎನ್ನಬಹುದು. ಬೇಸಿಗೆಯ ಹಸಿ ಬಟಾಣಿ ಹಿಮಾಚಲದಂಥ ತಂಪು ಬೆಟ್ಟಗಳದ್ದು, ಇಲ್ಲವೇ ಶೈತ್ಯೀಕರಿಸಿಟ್ಟದ್ದು. ಅದನ್ನು ನೋಡಿ ನಮ್ಮ ಪಾತಿಯ ಕಾಲ ನಿರ್ಧರಿಸಲಾಗದು.

ಕಾಲ ಸರಿಯಿದ್ದರೂ ಯೂರಿಯಾ ಬೇಡವೇ? ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ 1888ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಡುತ್ತವೆ. ಸೂಕ್ಷ್ಮಜೀವಿಗಳಿಲ್ಲದ, ಸಾರಜನಕವಿಲ್ಲದ ಮರಳಿನಲ್ಲಿ ಸೊರಗಿದ ಬಟಾಣಿ, ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹಾಕಿದ ಮೇಲೆ ಚೇತರಿಸಿಕೊಂಡಿತು. ಆ ಮಣ್ಣಿನ ಬ್ಯಾಕ್ಟೀರಿಯಾಗಳು ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದ್ದವು. ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ಈ ಗಂಟುಗಳನ್ನು ಕಟ್ಟುವುದನ್ನು ಕಡಿಮೆ ಮಾಡಿ ಎಲೆ ಬೆಳೆಸುವುದಕ್ಕೆ ತೊಡಗುತ್ತದೆ. ಹಾಗೆಂದು ಬರಿಯ ಮಣ್ಣು ಸಾಕೆಂದಲ್ಲ: ರಂಜಕ ಬೇಕು, ಬಿತ್ತುವ ಮುನ್ನ ಕಳಿತ ಕೊಟ್ಟಿಗೆ ಗೊಬ್ಬರ ಹಿತಮಿತವಾಗಿ ಬೇಕು.

ತೆಂಗಿನ ನಾರಿನ ಪುಡಿ ತುಂಬಿದ ಹೊಸ ಕುಂಡದಲ್ಲಿ ಆ ಬ್ಯಾಕ್ಟೀರಿಯಾಗಳೇ ಇರುವುದಿಲ್ಲವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅಂಥಲ್ಲಿ ಬಟಾಣಿಗೆಂದೇ ತಯಾರಾದ ರೈಜೋಬಿಯಂ ಎಂಬ ಆ ಬ್ಯಾಕ್ಟೀರಿಯಾಗಳ ಪುಡಿಯನ್ನು ಬೀಜಕ್ಕೆ ಲೇಪಿಸಿ ಬಿತ್ತಬೇಕು. ಬೇರುಗಂಟಿಗೂ ಉಸಿರಾಟವಿರುವುದರಿಂದ ನೀರು ನಿಲ್ಲಬಾರದು. ಇಷ್ಟಾದ ಮೇಲೂ ಅನುಮಾನವಿದ್ದರೆ ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮೆಲ್ಲಗೆ ಅಗೆದು ಬೇರುಗಂಟನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಗಿಡಕ್ಕೆ ಒದಗುತ್ತಿದೆ. ಯೂರಿಯಾ ಚೀಲ ಬಿಚ್ಚುವ ಅಗತ್ಯವಿಲ್ಲ.